ಹನ್ನೊಂದೂಕಾಲಿಗೆ ಕಡಿಯುವ ನೆಟ್

ಲೈಟು ಹಾಗೇ ಇರ್ಲಿ, ಆರಿಸ್ಬೇಡಿ. ಸಣ್ಣ ಸ್ವರದಲ್ಲಿ ಹೇಳ್ತೇನೆ, ಒಳಗೆ ಮಕ್ಕಳು ಮಲಗಿದ್ದಾರೆ.

ಇದು ನನಗಾದದ್ದಲ್ಲ. ನನ್ನ ಚಿಕ್ಕಮ್ಮನ ಮಗ ನಿತ್ಯಾನಂದನಿಗೆ ಆದದ್ದು. ಕೊನೆಯ ಸ್ವಲ್ಪ ಮಾತ್ರ ನನ್ನ ಕಣ್ಣೆದುರೇ ಆಯ್ತು, ಇಲ್ಲೇ ಕೊಚ್ಚಿಯಲ್ಲಿ. ಅದಕ್ಕೇ ಇಷ್ಟು ಧೈರ್ಯವಾಗಿ ಹೇಳ್ತಿದ್ದೇನೆ.

ಎರಡು ಸಾವಿರದ ಒಂಬತ್ತು, ಜನವರಿ ತಿಂಗಳು. ಆಫೀಸಿನ ಗಾಡಿ ನಿತ್ಯನನ್ನು, ಇಲ್ಲಿಂದ ಒಂದು ರಾತ್ರಿಯ ಪ್ರಯಾಣದಷ್ಟು ದೂರದ ಶ್ರೀಕಾರ್ಯಂ ಜಂಕ್ಷನ್ನಿನಲ್ಲಿ ಇಳಿಸಿ ಹೋಯ್ತು. ಗಂಟೆ ರಾತ್ರಿ ಹನ್ನೊಂದು. ಅಂಗಡಿಗಳೆಲ್ಲ ಬಾಗಿಲು ಹಾಕಿದ್ದವು. ಅಲ್ಲಿಂದ ಅವನ ಬಾಡಿಗೆ ಮನೆಗೆ ಇಳಿಜಾರು ಓಣಿ. ಓಣಿಯ ತಿರುವಿನಲ್ಲಿ ಒಂದು ಬಾವಿ. ಯಾರೂ ನೀರು ಸೇದುತ್ತಿರಲಿಲ್ಲ, ಆದ್ರೂ ಗಾಳಿಗೆ ರಾಟೆ ಅಲ್ಲಾಡಿ ಕಿರ್ರ್... ಕಿರ್ರ್... ಅಂತಿತ್ತು.

ಅವನಿಗೆ ಹೆದರುವಷ್ಟು ತ್ರಾಣವೂ ಇರಲಿಲ್ಲ. ಹನ್ನೆರಡು ಗಂಟೆ ಕೆಲಸ ಮಾಡಿ ಬಂದವನು. ಬಾವಿಯ ಹತ್ತಿರ ಬಂದಾಗ ಕಿಸೆಯ ಫೋನು 'ಟಿಣ್' ಅಂತು. ಮನೆಯ ವೈಫೈ ಅಲ್ಲಿವರೆಗೆ ಸಿಗ್ತಿತ್ತು. ಅಷ್ಟರಲ್ಲಿ ಕೆಳಗಿನ ಮನೆಯ ಕಿಟಕಿಯಿಂದ ಓನರ್ ಅಮ್ಮನ ಸ್ವರ ಕೇಳಿತು. ಮೆಲ್ಲಗೆ... ಯಾರ ಹತ್ತಿರವೋ ಫೋನಿನಲ್ಲಿ ಮಾತಾಡುವ ಹಾಗೆ.

"ಹೂಂ... ಉಂಡೆ... ನೀನು?"

ಆಮೇಲೆ ಮೌನ.

"ಸರಿ... ತಲೆ ಒರೆಸ್ಕೊ."

ಇವನು ಫೋನು ನೋಡಿದ. ವೈಫೈ ಹೋಗಿತ್ತು. ಹನ್ನೊಂದೂಕಾಲು.

ಆ ಅಮ್ಮನ ಹೆಸರು ವಿಲಾಸಿನಿಯಮ್ಮ. ಎಪ್ಪತ್ತು ದಾಟಿದವರು, ಒಬ್ಬರೇ ಇದ್ದರು. ಮಗಳು ಶ್ರೀಲತಾ ಕೊಚ್ಚಿಯಲ್ಲಿ. ಮಗ ಬೈಜು ಹಡಗಿನಲ್ಲಿ ವೈರಿಂಗ್ ಕೆಲಸ ಅಂತ ಅಮ್ಮನೇ ಹೇಳಿದ್ರಂತೆ. ಮನೆಗೆ ನೆಟ್ ಹಾಕಿಸಿದ್ದೂ ಬೈಜುವೇ. ರೂಟರ್ ಕೆಳಗೆ ಅವರ ಚಾವಡಿಯ ಶೋಕೇಸಿನ ಮೇಲಿತ್ತು, ನಿತ್ಯ ಮಹಡಿಯಲ್ಲಿ ಅದನ್ನೇ ಬಳಸ್ತಿದ್ದ. ನಿತ್ಯ ನಮ್ಮ ಗಡಿನಾಡು ಕುಂಬಳೆಯವನಲ್ವಾ, ಮಲಯಾಳಂ ಸಲೀಸು. ಅಮ್ಮನಿಗೆ ಅದೇ ಖುಷಿ. 'ಮೋನೆ, ಮೋನೆ' ಅಂತ ಮಗನನ್ನು ಕರೆಯುವ ಹಾಗೇ ಕರೀತಿದ್ರು, ದಿನಾ ಮೆಟ್ಟಿಲ ಮೇಲೆ ಒಂದು ತಟ್ಟೆ ಪುಟ್ಟು ಇಟ್ಟಿರ್ತಿದ್ರು.

ಈಗ ನಿಮಗೆ ಅವನ ಕಷ್ಟ ಹೇಳ್ಬೇಕು. ಆ ವರ್ಷ ಐಟಿಯಲ್ಲಿ ಜನರನ್ನು ತೆಗೀತಿದ್ರು, ನೆನಪುಂಟಲ್ಲ? ಕಂಪೆನಿ ಇವನಿಗೆ ಒಂದು ಸ್ಮಾರ್ಟ್‌ಫೋನ್ ಕೊಟ್ಟಿತ್ತು. ರಾತ್ರಿ ಅಮೆರಿಕದ ಕಡೆ ಏನಾದ್ರೂ ಕೆಟ್ಟು ಕೂತ್ರೆ ಮೇಲ್ ಬರ್ತದೆ, ಕಾಲು ಗಂಟೆಯೊಳಗೆ ಉತ್ತರ ಕೊಡ್ಬೇಕು. ಆ ತಗ್ಗಿನಲ್ಲಿ ಮೊಬೈಲ್ ಸಿಗ್ನಲ್ ಒಂದು ಕಡ್ಡಿ ಬಂದ್ರೆ ಪುಣ್ಯ. ವೈಫೈ ಒಂದೇ ಗತಿ. ಅದು ದಿನಾ ಹನ್ನೊಂದೂಕಾಲಿಗೆ ಹೋಗ್ತದೆ, ಹನ್ನೊಂದೂಮುಕ್ಕಾಲಿಗೆ ಬರ್ತದೆ. ಎರಡು ಸಲ ಅದೇ ಅರ್ಧ ಗಂಟೆಯಲ್ಲಿ ಮೇಲ್ ತಪ್ಪಿತು. ಮೂರನೇ ಸಲ ತಪ್ಪಿದ್ರೆ ನನ್ನ ಕೈಯಲ್ಲಿಲ್ಲ ಅಂತ ಮ್ಯಾನೇಜರ್ ಹೇಳಿಬಿಟ್ಟ.

ಪಾಪ, ಏನೆಲ್ಲ ಮಾಡಿದ ಗೊತ್ತುಂಟಾ? ಫೋನು ಆಫ್ ಮಾಡಿ ಆನ್ ಮಾಡಿದ. ನೆಟ್‌ವರ್ಕಿನ ಹೆಸರು ಅಳಿಸಿ ಮತ್ತೆ ಸೇರಿಸಿದ. ಬ್ಲೂಟೂತ್ ಆರಿಸಿದ. ಹಗಲು ಅಮ್ಮನನ್ನು ಕೇಳಿ ರೂಟರ್ ಪ್ಲಗ್ ತೆಗೆದು ಹಾಕಿದ. ಅದನ್ನು ಟೀವಿಯಿಂದ ದೂರ ಇಟ್ಟ, ಚಾನೆಲ್ ಬದಲಿಸಿದ. ಫೋನು ಎತ್ತಿ ಹಿಡಿದು ಕೋಣೆಯ ಮೂಲೆ ಮೂಲೆ ಅಳೆದ, ಟೆರೇಸಿಗೂ ಹೋದ. ಲೈನಿನವನು ಬಂದು ಕಂಬದಿಂದ ಮನೆಯವರೆಗೆ ನೋಡಿ, ಏನೂ ತೊಂದರೆ ಇಲ್ಲ ಸಾರ್ ಅಂದ.

ರಾತ್ರಿ ಹನ್ನೊಂದೂಕಾಲಾಗುತ್ತಿದ್ದ ಹಾಗೆ ಮತ್ತೆ ಹೋಯ್ತು.

"ಅಕ್ಕ, ನಂಗೆ ಸಿಟ್ಟೂ ಬರ್ತಿಲ್ಲ. ಸುಸ್ತು ಮಾತ್ರ," ಅಂದ ಒಂದು ದಿನ ನನಗೆ ಫೋನು ಮಾಡಿ. ಮಾತಿನ ನಡುವೆಯೇ ನಿದ್ದೆ ಹೋದ. ಅವನ ಫ್ಯಾನಿನ ಕಟ್ಟರ್ ಕಟ್ಟರ್ ಒಂದು ಕೇಳ್ತಿತ್ತು, ನಾನೇ ಫೋನು ಇಟ್ಟೆ.

ಕೊನೆಗೆ ಒಂದು ರಾತ್ರಿ ಲ್ಯಾಪ್‌ಟಾಪಿನಲ್ಲಿ ರೂಟರಿನ ಸೆಟ್ಟಿಂಗ್ ತೆರೆದು ಕೂತ. ಯಾರ‍್ಯಾರ ಸಾಧನ ಕನೆಕ್ಟ್ ಆಗಿದೆ ಅಂತ ಅಲ್ಲಿ ಪಟ್ಟಿ ಬರ್ತದೆ. ಇವನ ಫೋನು, ಇವನ ಲ್ಯಾಪ್‌ಟಾಪು, ಎರಡೇ. ಹನ್ನೊಂದೂಕಾಲಿಗೆ ಮೂರನೆಯದೊಂದು ಬಂತು. ಹೆಸರಿಲ್ಲ. ಹನ್ನೆರಡು ಅಕ್ಷರ-ಅಂಕೆಗಳ ಗುರುತು ಮಾತ್ರ. ಅದು ಬಂದದ್ದೇ ತಡ, ಇವನ ಎರಡೂ ಬಿದ್ದುಹೋದವು.

ಹತ್ತಿರದಲ್ಲಿ ಇಂಜಿನಿಯರಿಂಗ್ ಕಾಲೇಜು ಉಂಟಲ್ಲ, ಯಾವನೋ ಹುಡುಗ ಕದೀತಿದ್ದಾನೆ ಅಂದುಕೊಂಡ. ಮರುದಿನ ಪಾಸ್‌ವರ್ಡ್ ಬದಲಿಸಿದ. ಯಾರಿಗೂ ಹೇಳ್ಲಿಲ್ಲ. ರಾತ್ರಿ... ಮತ್ತೆ ಅದೇ ಗುರುತು ಬಂತು. ಹೊಸ ಪಾಸ್‌ವರ್ಡ್ ಅದಕ್ಕೆ ಹೇಗೆ ಗೊತ್ತಾಯ್ತು? ಯೋಚನೆ ಮಾಡುವಷ್ಟು ತಲೆ ಓಡ್ಲಿಲ್ಲ ಅವನಿಗೆ. ಮಾರನೇ ಸಂಜೆ ಆ ಹನ್ನೆರಡನ್ನೂ ಒಂದೊಂದಾಗಿ ಬರೆದುಕೊಂಡು, ಆ ಸಾಧನವನ್ನೇ ಬ್ಲಾಕ್ ಮಾಡಿದ.

ಅವತ್ತು ಹನ್ನೊಂದೂಕಾಲು ದಾಟಿತು. ನೆಟ್ ಹೋಗ್ಲಿಲ್ಲ. ಹನ್ನೊಂದೂವರೆಗೆ ಅಮೆರಿಕದಿಂದ ಮೇಲ್ ಬಂತು, ಎರಡೇ ನಿಮಿಷದಲ್ಲಿ ಉತ್ತರ ಕೊಟ್ಟ. ತಿಂಗಳ ನಂತರ ಮೊದಲ ಸಲ ಕಾಲು ಚಾಚಿ ಮಲಗಿದ.

ನಿದ್ದೆಯ ಮಧ್ಯೆ ಕೆಳಗಿನಿಂದ ಒಂದು ಶಬ್ದ ಕೇಳ್ತಾ ಇತ್ತಂತೆ. ಟಕ್... ಟಕ್ ಟಕ್... ಟಕ್. ಯಾರೋ ಫೋನಿನ ಬಟನ್ ಒತ್ತುವ ಹಾಗೆ. ಬೆಳಗಿನ ಜಾವದವರೆಗೂ.

ಬೆಳಿಗ್ಗೆ ಬಾಗಿಲು ತೆರೆದ್ರೆ ವಿಲಾಸಿನಿಯಮ್ಮ ಮೆಟ್ಟಿಲ ಮೇಲೆ ಕೂತಿದ್ದಾರೆ. ಕೂದಲು ಕೆದರಿದೆ. ಒಂದೇ ರಾತ್ರಿಯಲ್ಲಿ ಮುಖ ಬತ್ತಿಹೋಗಿದೆ. ಕೈಯಲ್ಲಿ ಬಟನ್ ಇರುವ ಹಳೇ ಸ್ಮಾರ್ಟ್‌ಫೋನು.

"ಮೋನೆ... ಇದನ್ನು ಸ್ವಲ್ಪ ನೋಡು. ನಿನ್ನೆ ಬೈಜು ಬರ್ಲೇ ಇಲ್ಲ."

"ಇದರಲ್ಲಾ ಅಮ್ಮ ಮಾತಾಡುವುದು?"

"ಅವನೇ ಕೊಟ್ಟದ್ದು. ಡ್ಯೂಟಿ ಮುಗಿಸಿ ದಿನಾ ಬರ್ತಾನೆ. ಹನ್ನೊಂದೂಕಾಲಿಗೆ. ಹಡಗಿನಲ್ಲಿ ಏನಾದ್ರೂ..." ಅಮ್ಮ ಫೋನನ್ನು ಇವನ ಕಡೆ ಚಾಚಿದ್ರು.

ನಿತ್ಯ ಫೋನು ಕೈಗೆ ತೆಗೆದುಕೊಂಡ. ತುಂಬಾ ಹಗುರ. ಬಟನ್ ಒತ್ತಿದ, ಬೆಳಕಿಲ್ಲ. ಹಿಂದಿನ ಮುಚ್ಚಳ ತೆಗೆದ.

ಬ್ಯಾಟರಿ ಇರಲಿಲ್ಲ.

ಸಿಮ್ಮೂ ಇಲ್ಲ. ಬ್ಯಾಟರಿ ಕೂರುವ ಕಡೆ ಖಾಲಿ. ಅಲ್ಲಿ ಒಂದು ಬಿಳಿ ಚೀಟಿ ಅಂಟಿಸಿತ್ತು, ಕಂಪೆನಿಯವರು ಅಚ್ಚು ಹಾಕಿದ್ದು. ಚೀಟಿಯ ಮೇಲೆ ಹನ್ನೆರಡು ಅಕ್ಷರ-ಅಂಕೆ. ಇವನು ಕಿಸೆಯಿಂದ ಹಿಂದಿನ ದಿನದ ಕಾಗದ ತೆಗೆದು ಪಕ್ಕದಲ್ಲಿ ಹಿಡಿದ. ಒಂದೊಂದೇ ನೋಡಿದ... ಎಲ್ಲ ಅದೇ.

"ಸರಿಯಾಗ್ತದಾ ಮೋನೆ?"

"ಆಗ್ತದೆ ಅಮ್ಮ. ನೀವು ಒಳಗೆ ಹೋಗಿ ಮಲಗಿ."

ಮುಚ್ಚಳ ಹಾಕಿ ವಾಪಸು ಕೊಟ್ಟ. ಮೇಲೆ ಹೋಗಿ ಕೊಚ್ಚಿಗೆ, ಶ್ರೀಲತಾಗೆ ಫೋನು ಮಾಡಿದ. ಬಾಡಿಗೆ ಮಾತಾಡಿದ್ದು ಅವಳೇ, ನಂಬರ್ ಇತ್ತು. ಅಲ್ಲಿಯವರ ಹಾಗೆ ಅಕ್ಕ ಅನ್ನಲಿಕ್ಕೆ ಅವಳನ್ನು 'ಚೇಚಿ' ಅಂತಿದ್ದ.

"ಚೇಚಿ, ಬೈಜು ಈಗ ಯಾವ ಹಡಗಿನಲ್ಲಿದ್ದಾನೆ?"

"ಅಮ್ಮ ಹಾಗೆ ಹೇಳಿದ್ರಾ?... ಅವನು ತೀರಿಕೊಂಡು ಎರಡು ವರ್ಷ ಆಗ್ತಾ ಬಂತು. ಹಡಗಿನಿಂದ ಸಮುದ್ರಕ್ಕೆ ಬಿದ್ದ. ಮೂರನೇ ದಿನ ಸಿಕ್ಕಿದ. ಅಮ್ಮ ನೋಡ್ಲಿಕ್ಕೆ ಕೋಣೆಯಿಂದ ಹೊರಗೇ ಬರ್ಲಿಲ್ಲ." ಆಮೇಲೆ ಹೇಳಿದಳಂತೆ, "ರಾತ್ರಿ ಮಾತಾಡ್ತಾರೆ, ನಂಗೆ ಗೊತ್ತು. ಉಳ್ಳೂರಿನ ಡಾಕ್ಟ್ರಿಗೆ ತೋರಿಸಿದ್ದೆ. ವಯಸ್ಸಾಯ್ತು, ಮಾತಾಡ್ಲಿ ಬಿಡಿ ಅಂದ್ರು. ನಿಮಗೆ ತೊಂದರೆ ಆಗ್ತಿದೆಯಾ?"

"ಇಲ್ಲ," ಅಂದ ನಿತ್ಯ. ರೂಟರಿನ ವಿಷಯ ಅವಳಿಗೆ ಹೇಗೆ ಹೇಳುವುದು, ಹೇಳಿ.

ಅವತ್ತು ಸಂಜೆ ಬ್ಲಾಕ್ ತೆಗೆದ. ರಾತ್ರಿ ಊಟ ಮಾಡ್ಲಿಲ್ಲ. ಹನ್ನೊಂದು ಗಂಟೆಗೆ ಕತ್ತಲೆಯಲ್ಲೇ ಬರಿಗಾಲಲ್ಲಿ ಇಳಿದು, ಒಳಮೆಟ್ಟಿಲ ಮೇಲೆ ಕೂತ. ಅಮ್ಮನ ಕೋಣೆಯ ಬಾಗಿಲು ಹಾಕಿತ್ತು, ಕಿಟಕಿಯೂ ಹಾಕಿತ್ತು. ಶೋಕೇಸಿನ ಮೇಲೆ ರೂಟರಿನ ಹಸಿರು ದೀಪ ಮಿಣುಕುತ್ತಾ ಇತ್ತು.

ಹನ್ನೊಂದೂಕಾಲು. ಇವನ ಕೈಯಲ್ಲಿದ್ದ ಫೋನಿನಲ್ಲಿ ವೈಫೈ ಹೋಯ್ತು. ರೂಟರಿನ ದೀಪ ಪಟಪಟ ಅಂತ ಹೊಡೆದುಕೊಳ್ಳಲು ಶುರುವಾಯ್ತು.

"ಬಂದ್ಯಾ?" ಅಂದ್ರು ಒಳಗೆ ಅಮ್ಮ. ಅಷ್ಟೇ. ಅಳ್ಲಿಲ್ಲ, ಕೂಗ್ಲಿಲ್ಲ. ಕೆಲಸದಿಂದ ತಡವಾಗಿ ಬಂದ ಮಗನನ್ನು ಕೇಳುವ ಹಾಗೆ.

ಮೌನ. ದೀಪ ಪಟಪಟ.

"ಹೂಂ... ನಿನ್ನೆ ಇಡೀ ರಾತ್ರಿ ಎದ್ದಿದ್ದೆ."

ಮೌನ. ದೀಪ.

"ಮೇಲಿನ ಮನೆಯ ಹುಡುಗ ಸರಿಮಾಡಿಕೊಟ್ಟ... ಒಳ್ಳೆಯವನು."

ಈ ಸಲ ಮೌನ ಸ್ವಲ್ಪ ಉದ್ದ ಆಯ್ತು. ಆಮೇಲೆ ಅಮ್ಮ ಕೇಳಿದ್ರು, ಸ್ವರ ಇನ್ನೂ ತಗ್ಗಿಸಿ,

"ಎಲ್ಲಿ?... ಮೆಟ್ಟಿಲ ಮೇಲಾ?"

ನಿತ್ಯ ಕೈಯಲ್ಲಿದ್ದ ಫೋನಿನ ಬೆಳಕನ್ನು ಅಂಗಿಯೊಳಗೆ ಮುಚ್ಚಿದ.

"ಕೂರ್ಲಿ ಬಿಡು. ಪಾಪ, ಅವನಿಗೂ ನಿದ್ದೆ ಇಲ್ಲ."

ಹೇಗೆ ಮೇಲೆ ಹತ್ತಿದೆ ಅಂತ ಅವನಿಗೆ ನೆನಪಿಲ್ಲ. ಬೆಳಗಾಗುವವರೆಗೆ ಗೋಡೆಗೆ ಒರಗಿ ಕೂತಿದ್ದನಂತೆ.

ಮನೆ ಬಿಟ್ಟು ಬಾ ಮಾರಾಯ ಅಂತ ನಾನು ಎಷ್ಟು ಹೇಳಿದೆ! ಒಂದು ವಾರ ಬೇರೆ ಕೋಣೆ ಹುಡುಕಿದ್ದೂ ಹುಡುಕಿದ. ಆಮೇಲೆ ಏನು ಮಾಡಿದ ಗೊತ್ತಾ? ಮ್ಯಾನೇಜರನ ಹತ್ತಿರ ಹೋಗಿ, ಮನೆಯಲ್ಲಿ ನೆಟ್ ಸರಿ ಇಲ್ಲ, ನನ್ನನ್ನು ಪೂರ್ತಿ ರಾತ್ರಿ ಪಾಳಿಗೇ ಹಾಕಿಬಿಡಿ ಅಂದ. ಯಾರಿಗೂ ಬೇಡವಾದ ಪಾಳಿ, ಕೂಡ್ಲೇ ಕೊಟ್ರು.

"ನಿಂಗೆ ಹುಚ್ಚಾ?" ಅಂದೆ ನಾನು.

"ಬೇರೆ ಬಾಡಿಗೆಯವನು ಬಂದ್ರೆ ಅವನೂ ಬ್ಲಾಕ್ ಮಾಡ್ತಾನಲ್ಲ ಅಕ್ಕ," ಅಂದ.

ಎಂಟು ತಿಂಗಳು ಹಾಗೇ ನಡೀತು. ಇವನು ರಾತ್ರಿ ಎಂಟಕ್ಕೆ ಹೋಗುವುದು, ಬೆಳಿಗ್ಗೆ ಬಂದು ಪುಟ್ಟು ತಿಂದು ಮಲಗುವುದು. ಕಣ್ಣ ಕೆಳಗೆ ಕಪ್ಪಾಯ್ತು, ಅಂಗಿ ಸಡಿಲ ಆಯ್ತು. ಅಮ್ಮ ಮಾತ್ರ ಸುಖವಾಗಿದ್ರು. ಒಂದು ಬೆಳಿಗ್ಗೆ ತಟ್ಟೆ ಕೊಡುವಾಗ ಹೇಳಿದ್ರಂತೆ, "ಬೈಜು ನಿನ್ನನ್ನು ಕೇಳಿದ. ಚಳಿಯಲ್ಲಿ ಕೆಲಸ ಮಾಡ್ತಾನೆ, ಕಿವಿ ಮುಚ್ಚಿಕೊಳ್ಲಿಕ್ಕೆ ಹೇಳು ಅಂದ." ನಿತ್ಯ ಕೂರುವ ಜಾಗದ ಮೇಲೇ ಏಸಿ ಇತ್ತು. ಅಮ್ಮನಿಗೆ ಅದನ್ನು ಅವನು ಯಾವತ್ತೂ ಹೇಳಿರಲಿಲ್ಲ.

ಅಕ್ಟೋಬರಿನಲ್ಲಿ, ತುಲಾ ತಿಂಗಳ ಮಳೆ ಹೊಯ್ಯುವಾಗ, ಅಮ್ಮ ತೀರಿಕೊಂಡ್ರು. ನಿದ್ದೆಯಲ್ಲೇ. ಬೆಳಿಗ್ಗೆ ಮೆಟ್ಟಿಲ ಮೇಲೆ ತಟ್ಟೆ ಇಲ್ಲ ಅಂತ ನೋಡಿದವನು ಇವನೇ. ಶ್ರೀಲತಾ ಕೊಚ್ಚಿಯಿಂದ ಗಂಡನ ಜೊತೆ ಓಡಿ ಬಂದಳು. ಎಲ್ಲ ಮುಗಿಸಿ, ಸಾಮಾನು ಆಮೇಲೆ ಸಾಗಿಸ್ತೇನೆ ಅಂತ ಬಾಗಿಲು ಹಾಕಿ, ಕೀಲಿ ನಿತ್ಯನ ಕೈಗೆ ಕೊಟ್ಟು ಹೋದಳು. ಹದಿನೈದು ದಿನ ಬಿಟ್ಟು ನಿತ್ಯನಿಗೆ ಫೋನು ಮಾಡಿ, ಅಮ್ಮನ ತಲೆದಿಂಬಿನ ಕವರಿನೊಳಗೆ ಬೈಜುವಿನ ಫೋನು ಇರಬೇಕು, ನೀವು ಕೊಚ್ಚಿಗೆ ಬರುವಾಗ ತನ್ನಿ ಅಂದಳು. ಇವನು ಒಳಗೆ ಕೈ ಹಾಕ್ಲಿಲ್ಲ. ಕವರಿನ ಸಮೇತ ಟವೆಲಿನಲ್ಲಿ ಸುತ್ತಿ ಬ್ಯಾಗಿನ ತಳಕ್ಕೆ ತುರುಕಿದ.

ಇನ್ನು ಹೇಳುವುದು ನಾನು ನೋಡಿದ್ದು.

ಆಗ ನಾವು ಇಲ್ಲೇ ಕೊಚ್ಚಿಯ ತೋಪ್ಪುಂಪಡಿಯಲ್ಲಿದ್ದದ್ದು. ವಿಲ್ಲಿಂಗ್ಡನ್ ಐಲ್ಯಾಂಡಿನ ಬ್ಯಾಂಕಿಗೆ ನನಗೆ ಅಲ್ಲಿಂದ ಹತ್ತಿರ. ರಾತ್ರಿ ಗಾಡಿಯಲ್ಲಿ ಬಂದ ನಿತ್ಯ ಬೆಳಿಗ್ಗೆ ಏಳಕ್ಕೆ ಮನೆ ಮುಟ್ಟಿದ. ಹೊರಗೆ ಜಡಿಮಳೆ, ಅವನ ಬ್ಯಾಗು ತೊಯ್ದು ತೊಪ್ಪೆ. ಚಾ ಮಾಡಿ ಕೊಟ್ಟೆ. ಸ್ವಲ್ಪ ಹೊತ್ತಿಗೆ ಶ್ರೀಲತಾ ಆಟೋದಲ್ಲಿ ಬಂದಳು, ಕೂರ್ಲಿಲ್ಲ, ಬಾಗಿಲ ಹತ್ತಿರವೇ ನಿಂತಳು.

"ಅಕ್ಕ, ನೀವೇ ತೆಗೆದು ಕೊಡಿ," ಅಂದ ನಿತ್ಯ. "ನನ್ನಿಂದ ಆಗುವುದಿಲ್ಲ."

ನಾನು ಬ್ಯಾಗಿಗೆ ಕೈ ಹಾಕಿದೆ. ಅಂಗಿ ಒದ್ದೆ, ಟವೆಲಿನ ಹೊರಗೂ ಚಂಡಿ, ಎಲ್ಲ ತಣ್ಣಗೆ ಕೊರೀತಿತ್ತು. ಟವೆಲು ಬಿಡಿಸಿ ಕವರಿನೊಳಗಿನಿಂದ ಫೋನು ತೆಗೆದೆ... ತೆಗೆದವಳು ಹಾಗೇ ನಿಂತೆ.

"ಬ್ಯಾಟರಿ ಇಲ್ಲ ಅಂತ ಹೇಳಿದ್ದಲ್ವಾ ಇವನು?" ಅಂದೆ.

ಶ್ರೀಲತಾ ಮುಚ್ಚಳ ತೆಗೆದು ತೋರಿಸಿದಳು. ಖಾಲಿ.

"ನಾನೇ ತೆಗೆದು ಬಿಸಾಡಿದ್ದು," ಅಂದಳು, ಪಿಸುಗುಟ್ಟುವ ಹಾಗೆ. "ಅವನು ತೀರಿಕೊಂಡ ವರ್ಷವೇ. ಹಾಗಾದ್ರೂ ಅಮ್ಮ ನಿಲ್ಲಿಸ್ತಾರೆ ಅಂದ್ಕೊಂಡಿದ್ದೆ."

ಹೇಳಿದವಳು ಫೋನನ್ನು ಕೈಯಿಂದ ಕೈಗೆ ಬದಲಿಸಿದಳು. ಆಮೇಲೆ ಸೆರಗಿನ ತುದಿ ಮಡಚಿ, ಬಿಸಿ ಚಾದ ಲೋಟ ಹಿಡಿಯುವ ಹಾಗೆ ಅದನ್ನು ಹಿಡಿದುಕೊಂಡು, ಮಳೆಯಲ್ಲೇ ಆಟೋ ಹತ್ತಿದಳು.

ಇಲ್ಲ, ನಾನು ಸುಳ್ಳು ಹೇಳ್ತಿಲ್ಲ. ನಿತ್ಯನನ್ನೇ ಕೇಳಿ ಬೇಕಾದ್ರೆ. ಈ ಕೈಯಲ್ಲೇ ಹಿಡಿದದ್ದು ನಾನು. ಈಗಷ್ಟೇ ಯಾರೋ ಗಂಟೆಗಟ್ಟಲೆ ಮಾತಾಡಿ ಇಟ್ಟ ಫೋನಿನ ಹಾಗೆ... ಬಿಸಿ ಇತ್ತು.