ಟೈಲರ್ ಕೋಣೆಯ ಬಾಗಿಲು

ಅಲ್ಲೇ ಕೂತ್ಕೋ ಮಿನ್ನೂ, ಜಗಲಿಯಿಂದ ಕೆಳಗೆ ಇಳೀಬೇಡ ಅಂತ ಎಷ್ಟು ಸಲ ಹೇಳುವುದು ನಿನಗೆ, ಅಜ್ಜಿಗೆ ಜ್ವರ, ಕೆಮ್ಮು, ನಿನಗೂ ಬೇಕಾ ಅದು? ಬೇಡ ಅಲ್ವಾ? ಹಾಗಾದ್ರೆ ಅಲ್ಲಿಂದಲೇ ಮಾತಾಡು. ಈ ಅಂಗಳ ಎಂತ ನೇತ್ರಾವತಿ ಹೊಳೆಯಾ, ಆಚೆ ದಡದ ಮಾತು ಈಚೆ ಕೇಳದೇ ಇರ್ಲಿಕ್ಕೆ? ಮತ್ತೆ ಪಕ್ಕದ ಮನೆಗೆ ಹೋಗಿ 'ನಮ್ಮ ಅಜ್ಜಿಯನ್ನು ಟೈಲರ್ ಕೋಣೆಗೆ ಹಾಕಿದ್ದಾರೆ' ಅಂತ ಹೇಳಿ ಬಂದೆಯಂತೆ, ಮರ್ಯಾದೆ ತೆಗೆದೆ ಮಾರಾಯ್ತಿ! ಯಾರೂ ಹಾಕಿದ್ದಲ್ಲ, ನಾನೇ ಬಂದದ್ದು. ನಾನು ಈ ಕೋಣೆಯಲ್ಲಿ ಬಂದು ಮಲಗುವುದು ಇದೇ ಸುರು ಅಂತ ಅಲ್ಲ. ನೀನು ಹುಟ್ಟುವ ಮೊದಲು ಒಮ್ಮೆ ಬಂದಿದ್ದೆ, ಮೊದಲು ಅಂದ್ರೆ ಮೊದಲು ಅಲ್ಲ, ನೀನು ನಿಮ್ಮಮ್ಮನ ಹೊಟ್ಟೆಯಲ್ಲಿದ್ದೆ ಆಗ. ಅಯ್ಯೋ, ಆ ದಿನಗಳು ಶತ್ರುವಿಗೂ ಬೇಡ. ಅಣ್ಣ ಆಗಿ ನೀನು ಅವಳ ಪಕ್ಕ ಕೂತು ನಗಬೇಡ ಅಪ್ಪೂ, ಅದರಲ್ಲಿ ಅರ್ಧ ಕಥೆ ನಿನ್ನದೇ.

ಸುರು ಮಾಡಿದ್ದು ನಿಮ್ಮ ಅಕ್ಕ ಧನ್ಯಾ. ಈಗ ಅವಳು ಹೈಸ್ಕೂಲು, ಈ ಮಾತು ಎತ್ತಿದ್ರೆ ಮೂತಿ ಉದ್ದ ಮಾಡ್ತಾಳೆ, ಆಗ ಎರಡನೇ ಕ್ಲಾಸು. ಸೆಕೆ ಅಂದ್ರೆ ಸೆಕೆ, ಈ ಪಾಣೆಮಂಗಳೂರಿನ ಸೆಕೆ ಗೊತ್ತುಂಟಲ್ಲ, ಹೊಳೆ ಬದಿ ಅಂತ ಹೆಸರಿಗೆ ಮಾತ್ರ. ಅವಳ ಬೆನ್ನಿನಲ್ಲಿ ಕೆಂಪು ಕೆಂಪು ಎದ್ದದ್ದು ನೋಡಿ ನಿಮ್ಮಮ್ಮ ಬೆವರುಸಾಲೆ ಅಂತ ಪೌಡರ್ ಹಾಕಿದಳು. ಮರುದಿನ ನಾನು ಸ್ನಾನ ಮಾಡಿಸ್ಲಿಕ್ಕೆ ಅಂಗಿ ತೆಗೀತೇನೆ, ಗುಳ್ಳೆಯೊಳಗೆ ನೀರು! ನನಗೆ ಚಿಕ್ಕದಿರುವಾಗ ಬಂದು ಹೋದದ್ದು ಅದು, ಇದೋ ಹಣೆಯಲ್ಲಿ ಕಲೆ ಉಂಟಲ್ಲ, ಗುರುತು ಸಿಗದೇ ಇರ್ತದಾ? 'ವಿನುತಾ, ನೀನು ಆಚೆ ಹೋಗು' ಅಂದೆ ನಿಮ್ಮಮ್ಮನಿಗೆ. 'ಯಾಕೆ ಅತ್ತೆ?' 'ಆಚೆ ಹೋಗು ಅಂದ್ರೆ ಆಚೆ ಹೋಗು, ಇದು ದೇವಿ ಎದ್ದದ್ದು.' ಹಾಗಂದ್ರೆ ನೀರು ಸಿಡುಬು ಮಗಾ, ನೀವು ಶಾಲೆಯಲ್ಲಿ ಚಿಕನ್‌ಪಾಕ್ಸ್ ಅಂತ ಹೇಳುವುದು. ನಮ್ಮ ಹಿರಿಯರ ಲೆಕ್ಕದಲ್ಲಿ ಅದು ರೋಗ ಅಲ್ಲ, ದೇವಿ ಮನೆಗೆ ಬಂದದ್ದು. ಬಂದ ದೇವಿಯನ್ನು ಬೈಯಬಾರದು, ಅಟ್ಟಬಾರದು, ಮನೆಯಲ್ಲಿ ಒಗ್ಗರಣೆ ಹಾಕಬಾರದು, ಹೀಗೆ ನೂರೆಂಟು ಉಂಟು. ಸರಿ, ನಿಮ್ಮಮ್ಮ ಆಗ ತುಂಬು ಬಸುರಿ. ಮೂರನೆಯದು ಯಾಕೆ ಈ ಕಾಲದಲ್ಲಿ ಅಂತ ಊರೆಲ್ಲ ಹೇಳಿದ್ದೇ ಹೇಳಿದ್ದು, ನಾನು ಕಿವಿಗೆ ಹಾಕ್ಕೊಳ್ಳಲಿಲ್ಲ, ಬಾ ಅಂದೆ ನಿನ್ನನ್ನು.

ಬಂಟ್ವಾಳದ ಡಾಕ್ಟ್ರ ಹತ್ತಿರ ಓಡಿದ್ದು. ಡಾಕ್ಟ್ರು ಧನ್ಯಾಳನ್ನು ನೋಡಿದ್ದು ಸ್ವಲ್ಪ, ನಿಮ್ಮಮ್ಮನನ್ನು ನೋಡಿದ್ದೇ ಹೆಚ್ಚು. 'ನಿಮಗೆ ಚಿಕ್ಕಂದಿನಲ್ಲಿ ಇದು ಬಂದಿದೆಯಾ?' ಅವಳಿಗೆ ಎಂತ ಗೊತ್ತು? ಮೂಡುಬಿದಿರೆಗೆ ಫೋನು, ಅವಳ ಅಮ್ಮನಿಗೆ, ನಿಮ್ಮ ಲಲಿತಾ ಟೀಚರಜ್ಜಿಗೆ. ಅವರು ಮಾತಾಡುವುದು ಪುಸ್ತಕದ ಕನ್ನಡ ಅಲ್ವಾ, ಜಗಳವೂ ಅದರಲ್ಲೇ. 'ನನ್ನ ಇಬ್ಬರು ಹೆಣ್ಣುಮಕ್ಕಳಲ್ಲಿ ಒಬ್ಬಳಿಗೆ ಬಂದಿತ್ತು. ಯಾರಿಗೆ ಎಂಬುದು ನೆನಪಾಗುತ್ತಿಲ್ಲ' ಅಂದ್ರು. ನನಗೆ ಮಂಡೆ ಬಿಸಿ! ಹೆತ್ತ ತಾಯಿಗೆ ನೆನಪಿಲ್ಲ ಅಂದ್ರೆ ಎಂತ ಹೇಳುವುದು? ಮುಂಬೈಯಲ್ಲಿರುವ ನಿಮ್ಮಮ್ಮನ ಅಕ್ಕನಿಗೆ ಕೇಳಿದ್ರೆ ಅವಳೂ 'ನಂಗೆ ಗೊತ್ತಿಲ್ಲಪ್ಪ' ಅಂದಳು. ಡಾಕ್ಟ್ರು ಹೇಳಿದ್ರು, 'ಬಂದಿಲ್ಲ ಅಂತಲೇ ತಿಳ್ಕೊಳ್ಳಿ. ಹೆರಿಗೆಯ ಹೊತ್ತಿಗೆ ನಿಮಗೆ ಎದ್ದರೆ ಹುಟ್ಟುವ ಮಗುವಿನ ಜೀವಕ್ಕೇ ಅಪಾಯ.' ಮಂಗಳೂರಿಂದ ಒಂದು ಇಂಜೆಕ್ಷನ್ ತರಿಸಿ ಕೊಟ್ಟರು, ಆದರೂ ಗ್ಯಾರಂಟಿ ಹೇಳ್ಲಿಕ್ಕೆ ಆಗುವುದಿಲ್ಲ, ಮಗಳನ್ನು ಮುಟ್ಟಬೇಡಿ, ಒಂದೇ ಕೋಣೆಯಲ್ಲಿ ಇರಬೇಡಿ ಅಂದ್ರು. ಬರುವಾಗ ರಿಕ್ಷಾದಲ್ಲಿ ಧನ್ಯಾ 'ಅಮ್ಮ ಯಾಕೆ ಬೇರೆ ರಿಕ್ಷಾದಲ್ಲಿ ಬರುವುದು?' ಅಂತ ಕೇಳ್ತಾ ಇದ್ದಳು, ಪಾಪ.

ಈಗ ನಿಮ್ಮಮ್ಮನನ್ನು ಎಲ್ಲಿ ಇಡುವುದು? ತವರಿಗೆ ಕಳಿಸುವ ಅಂದ್ರೆ ಅಲ್ಲಿ ಅವಳ ತಮ್ಮನ ಹಸಿ ಬಾಳಂತಿ ಹೆಂಡತಿ, ಎಳೆಗೂಸು. ಇವಳ ಮೈಯೊಳಗೆ ಅದು ಆಗಲೇ ಹೊಕ್ಕಿದ್ದರೆ? ಇಲ್ಲೇ ಇಟ್ಟುಕೊಳ್ಳುವ ಅಂದ್ರೆ ನಮ್ಮದು ಎಷ್ಟು ದೊಡ್ಡ ಮನೆ, ಒಂದು ಕೋಣೆಯಲ್ಲಿ ಸೀನಿದ್ರೆ ಮೂರು ಕೋಣೆಗೆ ಕೇಳ್ತದೆ. ಆಗ ನನಗೆ ಈ ಕೋಣೆ ನೆನಪಾದದ್ದು. ಇಲ್ಲಿ ನಾನು ಶಾಲೆಯ ಯೂನಿಫಾರ್ಮ್ ಹೊಲಿದು ನಿಮ್ಮಪ್ಪನನ್ನು ದೊಡ್ಡ ಮಾಡಿದ್ದು, ಮೆಷಿನ್ ಉಂಟು, ಕತ್ತರಿಸುವ ದೊಡ್ಡ ಮೇಜು ಉಂಟು, ಆಚೆ ರಸ್ತೆಗೆ ಶಟರ್, ಈಚೆ ಅಂಗಳಕ್ಕೆ ಈ ಬಾಗಿಲು. ಧನ್ಯಾಳನ್ನು ಇಲ್ಲಿಗೆ ಕರ್ಕೊಂಡು ಬರ್ತೇನೆ ಅಂದದ್ದೇ, ಲಾಯಿಲದಿಂದ ನನ್ನ ತಂಗಿಯ ಫೋನು, 'ಅಕ್ಕಾ, ನಿನಗೆ ಹುಚ್ಚಾ? ಮನೆಗೆ ಬಂದ ದೇವಿಯನ್ನು ಹೊರಗೆ ಹಾಕ್ತೀಯಾ? ವಂಶಕ್ಕೆ ಆಗ್ಲಿಕ್ಕಿಲ್ಲ!' ನನಗೂ ಹೆದರಿಕೆ ಆಯ್ತು, ಸುಳ್ಳು ಹೇಳುವುದಿಲ್ಲ. ಆದ್ರೆ ವಂಶ ಅಂದ್ರೆ ಯಾರು, ಅದು ಅಲ್ಲಿ ಹೊಟ್ಟೆಯಲ್ಲಿ ಒದೀತಾ ಉಂಟಲ್ಲ! ದೀಪ ಹಚ್ಚಿದೆ, ಆ ದೀಪವನ್ನೇ ಕೈಯಲ್ಲಿ ಹಿಡ್ಕೊಂಡು ಮುಂದೆ ನಡೆದೆ, ಹಿಂದಿನಿಂದ ಧನ್ಯಾ. 'ತಾಯಿ, ನಿನ್ನನ್ನು ಹೊರಗೆ ಹಾಕುವುದಲ್ಲ, ನಿನ್ನ ಜೊತೆ ನಾನೇ ಹೊರಗೆ ಬರ್ತೇನೆ' ಅಂತ ಹೇಳಿ ದೀಪವನ್ನು ಇದೇ ಮೇಜಿನ ಮೇಲೆ ಇಟ್ಟೆ.

ಸಂಜೆಗೆ ಟೀಚರು ಒಂದು ಚೀಲ ಹಿಡ್ಕೊಂಡು ಮೂಡುಬಿದಿರೆಯಿಂದ ಬಂದ್ರು. ಮದುವೆ ಆದಂದಿನಿಂದ ನಮ್ಮ ಮನೆಯಲ್ಲಿ ಒಂದು ಹೊತ್ತು ಉಂಡವರಲ್ಲ ಆ ಜನ, 'ಕಾಫಿ ಸಾಕು, ಬಸ್ಸಿದೆ' ಅಂತ ಹೇಳುವವರು. ಅಂಗಳದಲ್ಲಿ ನಿಂತು, 'ನೆನಪಿಡಬೇಕಾದದ್ದನ್ನು ನಾನು ನೆನಪಿಡಲಿಲ್ಲ. ಮಗಳನ್ನು ನಾನು ನೋಡಿಕೊಳ್ಳುತ್ತೇನೆ, ನೀವು ಮಕ್ಕಳನ್ನು ನೋಡಿಕೊಳ್ಳಿ' ಅಂದ್ರು. ಅಷ್ಟು ಹೊತ್ತು ಬೈಬೇಕು ಅಂತ ಕಾದಿದ್ದವಳು ನಾನು, ಅಡಿಗೆಮನೆಯ ಕಡೆ ಕೈ ತೋರಿಸಿದೆ. ಬೈದದ್ದು ಮತ್ತೆ, ಮರುದಿನ, ಅವರು ಸಾರಿಗೆ ಒಗ್ಗರಣೆ ಹಾಕಿದಾಗ! ಸಾಸಿವೆ ಚಟಚಟ ಅಂತದೆ, ಪರಿಮಳ ಇಲ್ಲಿಗೆ ಬರ್ತದೆ, ನಾನು ಇಲ್ಲಿಂದ ಬೊಬ್ಬೆ, 'ಟೀಚರೇ, ಒಗ್ಗರಣೆ ಹಾಕಬಾರದು!' ಅವರು ಅಲ್ಲಿಂದ, 'ಬಸುರಿಗೆ ಬಾಯಿ ರುಚಿ ಬೇಡವೇ ಕಮಲಮ್ಮನವರೇ? ವೈರಸ್ಸಿಗೂ ಸಾಸಿವೆಗೂ ಏನು ಸಂಬಂಧ?' ಕೊನೆಗೆ ಎಂತ ಮಾಡಿದ್ದು, ನಮಗೆ ಸಪ್ಪೆ ಗಂಜಿ, ಅವರಿಗೆ ಒಗ್ಗರಣೆ ಸಾರು. ನಮ್ಮ ಗಂಜಿ, ಎಳನೀರಿನ ಬೊಂಡ ಎಲ್ಲ ಅಲ್ಲಿ ಒಗೆಯುವ ಕಲ್ಲು ಉಂಟಲ್ಲ, ಅದರ ಮೇಲೆ ಇಟ್ಟು ಅವರು ಹಿಂದೆ ಹೋಗುವುದು, ಮತ್ತೆ ನಾನು ಹೋಗಿ ತರುವುದು.

ಧನ್ಯಾಳ ಗುಳ್ಳೆ ಒಣಗ್ತಾ ಬಂತು, ಅಬ್ಬ ಮುಗೀತು ಅಂತ ಅವಳ ಸ್ನಾನಕ್ಕೆ ಕಹಿಬೇವಿನ ಎಲೆ ಹಾಕಿ ನೀರು ಕಾಯಿಸಿದ್ದೇನೆ, ಟೀಚರು ಅಂಗಳದ ಆಚೆಯಿಂದ ಅಪ್ಪುವನ್ನು ಎತ್ತಿ ತೋರಿಸ್ತಾರೆ, ಅವನ ಹೊಟ್ಟೆಯಲ್ಲಿ ಎರಡು ಗುಳ್ಳೆ! ಅವನೂ ಇಲ್ಲಿಗೆ. ಅವನನ್ನು ಹೆಗಲ ಮೇಲೆ ಹೊತ್ತು ತಿರುಗಿದ ನಿಮ್ಮಪ್ಪ, ಬಸ್ಸು ಓಡಿಸುವ ಗಟ್ಟಿ ಜನ, ಅವನಿಗೂ ಬಂತು, ಅವನ ಚಾಪೆಯೂ ಇಲ್ಲಿಗೇ. ದೊಡ್ಡವರಿಗೆ ಬಂದ್ರೆ ಕೇಳಬೇಡಿ, ಬಾಯೊಳಗೆ, ಕಣ್ಣಿನ ರೆಪ್ಪೆಯಲ್ಲಿ, ಎಲ್ಲಿ ಇಲ್ಲ ಅಂತ ಇಲ್ಲ. ಅಪ್ಪೂ, ನಿನಗೆ ಆಗ ಮೂರು ವರ್ಷ, ಕೆರೆಯಬೇಡ ಅಂದ್ರೆ ಗೊತ್ತಾಗ್ತದಾ? ರಕ್ತ ಬರುವಷ್ಟು ಕೆರೆದುಕೊಳ್ಳುವುದು. ನಾನು ಅಜ್ಜನ ಹಳೇ ಮುಂಡು ಕತ್ತರಿಸಿ ಮೆತ್ತನೆಯ ಅಂಗಿ ಹೊಲಿದೆ, ತೋಳು ಉದ್ದ ಇಟ್ಟು ತುದಿಯನ್ನು ಹೊಲಿದು ಮುಚ್ಚಿಬಿಟ್ಟೆ, ಕೈ ಹೊರಗೇ ಬರ್ಲಿಕ್ಕಿಲ್ಲ! ಎಷ್ಟು ಅಂಗಿ ಹೊಲಿದಿದ್ದೇನೆ ಜೀವಮಾನದಲ್ಲಿ, ಕೈ ಇಲ್ಲದ ಅಂಗಿ ಅದೊಂದೇ. ಆ ಮುಚ್ಚಿದ ತೋಳನ್ನು ಕಿಟಕಿಯಲ್ಲಿ ಆಡಿಸ್ತಾ 'ಅಮ್ಮಾ, ಎತ್ಕೋ, ಎತ್ಕೋ' ಅಂತ ನೀನು ಕರೆಯುವುದು, ಅವಳು ಅಡಿಗೆಮನೆಯ ಕಿಟಕಿ ಹಿಡ್ಕೊಂಡು ಅಳುವುದು. ನೋಡ್ಲಿಕ್ಕೆ ಆಗ್ತಿರಲಿಲ್ಲ ನನಗೆ, ನಾನು ಮೆಷಿನ್ ತುಳೀತಾ ಇದ್ದೆ, ಹೊಲೀಲಿಕ್ಕೆ ಎಂತದೂ ಇಲ್ಲದಿದ್ದರೂ. ಬೆಳಿಗ್ಗೆ ಬೆಳಿಗ್ಗೆ ಟೀಚರು ಮಗಳ ಮೈಯೆಲ್ಲ ನೋಡಿ, ಹಿತ್ತಿಲ ಮೆಟ್ಟಿಲಿಗೆ ಬಂದು ತಲೆ ಅಲ್ಲಾಡಿಸುವುದು, ಇಲ್ಲ, ಎದ್ದಿಲ್ಲ ಅಂತ. ಅಷ್ಟು ಕಂಡ ಮೇಲೆಯೇ ನಾನು ಗಂಜಿ ತರ್ಲಿಕ್ಕೆ ಕಲ್ಲಿನ ಹತ್ತಿರ ಹೋಗುವುದು.

ಹಾಗಿರುವಾಗ ಒಂದು ಮಧ್ಯಾಹ್ನ, ಬಿಸಿಲು ಹೇಗೆ ಅಂದ್ರೆ ಅಂಗಳದಲ್ಲಿ ಕಾಲಿಡ್ಲಿಕ್ಕೆ ಇಲ್ಲ, ಅಪ್ಪುವಿಗೆ ಜ್ವರ ಏರಿತು. ಒದ್ದೆ ಬಟ್ಟೆ ಹಾಕ್ತೇನೆ, ಏರ್ತಾನೇ ಉಂಟು. ನೋಡ್ತಾ ನೋಡ್ತಾ ಕಣ್ಣು ಮೇಲೆ ಮಾಡಿದ, ಕೈಕಾಲು ಸೆಟೆದುಕೊಂಡಿತು. ನಾನು 'ಅಯ್ಯೋ ದೇವರೇ!' ಅಂತ ಕೂಗಿದ್ದು ಮನೆಗೆ ಕೇಳಿತು. ನಿಮ್ಮಮ್ಮ ಆ ಹೊಟ್ಟೆ ಹೊತ್ತುಕೊಂಡು, ಚಪ್ಪಲಿಯೂ ಇಲ್ಲ, ಆ ಕಾದ ಅಂಗಳದಲ್ಲಿ ಓಡಿ ಬರ್ತಾಳೆ! ನಾನು ಎಂತ ಮಾಡುವುದು? ಈ ಬಾಗಿಲು ಧಡ್ ಅಂತ ಹಾಕಿದೆ, ಅವಳ ಮುಖಕ್ಕೇ. ಚಿಲಕ ಹಾಕಿದೆ. ಅವಳು ಹೊರಗಿನಿಂದ ಎರಡೂ ಕೈಯಲ್ಲಿ ಬಡೀತಾಳೆ, 'ಅತ್ತೆ, ಬಾಗಿಲು ತೆಗೀರಿ! ನನ್ನ ಮಗು!' 'ತೆಗೆಯುವುದಿಲ್ಲ!' 'ನೀವು ಹೆತ್ತದ್ದಲ್ಲ ಅವನನ್ನು, ಅದಕ್ಕೇ ನಿಮಗೆ ಹೀಗೆ!' ಅಂದಳು. ಅಂದದ್ದು ಹೌದು, ಅವಳೂ ಇಲ್ಲ ಅಂತ ಹೇಳುವುದಿಲ್ಲ. ನಾನೂ ಬಿಡಲಿಲ್ಲ, 'ಹೊಟ್ಟೆಯಲ್ಲಿ ಇರುವುದು ಯಾರದ್ದು? ಅದು ನಿನ್ನದಲ್ಲವಾ? ಹೋಗು ಆಚೆ!' ಅಂದೆ. ನಿಮ್ಮಪ್ಪ ಜ್ವರದಲ್ಲಿ ಸುಡ್ತಾ ಇದ್ದವನು ಎದ್ದು ಬಂದು ಬಾಗಿಲಿಗೆ ಬೆನ್ನು ಕೊಟ್ಟು ಕೂತ, 'ಅಮ್ಮ ನೀವು ಹೋಗಿ, ನಾನು ಹಿಡ್ಕೊಳ್ತೇನೆ' ಅಂದ. ಅವನ ಕಣ್ಣಲ್ಲಿ ನೀರು. ನಾನು ಆಚೆಯ ಶಟರ್ ಎತ್ತಿ ಅಪ್ಪುವನ್ನು ಹೆಗಲಿಗೆ ಹಾಕಿ ರಸ್ತೆಗೆ ಇಳಿದೆ. ಒಂದು ರಿಕ್ಷಾದವ ನಿಲ್ಲಿಸಿದ, ಗುಳ್ಳೆ ನೋಡಿದ, ಹೋದ. ಇನ್ನೊಬ್ಬ ಬಂದ, 'ನನಗೆ ಚಿಕ್ಕದಿರುವಾಗಲೇ ಬಂದು ಹೋಗಿದೆ, ಕೂತ್ಕೊಳ್ಳಿ ಕಮಲಕ್ಕ' ಅಂದ, ಅವನ ಹೊಟ್ಟೆ ತಣ್ಣಗಿರ್ಲಿ. ರಿಕ್ಷಾ ಹೊರಟ ಮೇಲೂ ನನ್ನ ಕಿವಿಯಲ್ಲಿ ಆ ಬಾಗಿಲು ಬಡಿಯುವುದೇ.

ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿದ್ರು, ಇಂಜೆಕ್ಷನ್ ಕೊಟ್ಟರು. ಜ್ವರ ನೆತ್ತಿಗೇರಿ ಹಾಗೆ ಆದದ್ದು, ಇನ್ನು ಹೆದರಬೇಡಿ ಅಂದ್ರು. ಸಂಜೆಗೆ ಕಣ್ಣು ಬಿಟ್ಟ ಇವನು, ಬಿಟ್ಟವನು ಎಂತ ಕೇಳಿದ್ದು ಗೊತ್ತುಂಟಾ? 'ಅಜ್ಜಿ, ಬಿಸ್ಕೂಟು.' ನಾನು ಅಷ್ಟು ಜನರ ಎದುರು ಗಳಗಳ ಅತ್ತುಬಿಟ್ಟೆ. ಮನೆಗೆ ಫೋನು ಮಾಡಿ ಫೋನನ್ನು ಇವನ ಬಾಯಿಗೆ ಹಿಡಿದೆ. ನಿಮ್ಮಮ್ಮ ಇವನ ಹತ್ತಿರ ಮಾತಾಡಿದಳು. ನಾನು ಫೋನು ಕಿವಿಗೆ ಇಟ್ಟದ್ದೇ, ಕಟ್ಟಾಯ್ತು.

ಆ ಮೇಲೆ ಮಾತೇ ಇಲ್ಲ ನನ್ನ ಹತ್ತಿರ. ಆಸ್ಪತ್ರೆಯಿಂದ ಬಂದ್ವು, ಗಂಜಿ ಕಲ್ಲಿನ ಮೇಲೆ ಬರ್ತದೆ, ಟೀಚರ ತಲೆ ಅಲ್ಲಾಡ್ತದೆ, ಇವಳ ಮುಖ ಕಿಟಕಿಯಲ್ಲಿ ಕಾಣುವುದು ಮಕ್ಕಳಿಗೆ ಮಾತ್ರ. ಸಂಕಟ ಆಗಲಿಲ್ಲವಾ ಅಂದ್ರೆ ಆಯ್ತು ಮಾರಾಯ್ತಿ, ಆಗದೇ ಇರ್ತದಾ? ಒಂದು ಬೆಳಿಗ್ಗೆ ಮೆಟ್ಟಿಲಲ್ಲಿ ಟೀಚರು ಇಲ್ಲ. ಎದ್ದಿತು ಅಂತಲೇ ಲೆಕ್ಕ ಹಾಕಿದೆ. ಎದ್ದದ್ದಲ್ಲ, ನೋವು ಸುರು ಆದದ್ದು! ಮಧ್ಯಾಹ್ನಕ್ಕೆ ಆಸ್ಪತ್ರೆಯಿಂದ ಫೋನು ಬಂತು, ಟೀಚರ ಪುಸ್ತಕದ ಕನ್ನಡ ಎಲ್ಲಿ ಹೋಯ್ತೋ, ತುಳುವಿನಲ್ಲೇ ಒಂದೇ ಸಮ ಹೇಳ್ತಾ ಇದ್ರು, ಹೆಣ್ಣು ಮಗು, ತಾಯಿಗೂ ಇಲ್ಲ, ಮಗುವಿಗೂ ಇಲ್ಲ, ಮೈಯಲ್ಲಿ ಒಂದು ಚುಕ್ಕೆ ಇಲ್ಲ ಕಮಲಕ್ಕ ಅಂತ. ಅದು ನೀನು ಮಿನ್ನೂ. ಎಲ್ಲರ ಮೈ ಒಣಗಿ, ಬೇವಿನ ನೀರು ಹಾಕಿ, ಡಾಕ್ಟ್ರು ಆಗಬಹುದು ಅಂದ ಮೇಲೆಯೇ ನಿನ್ನನ್ನು ಮನೆಗೆ ತಂದದ್ದು. ಅಪ್ಪು ಅಮ್ಮನ ಸೊಂಟ ಹಿಡ್ಕೊಂಡವನು ಎರಡು ದಿನ ಬಿಡಲಿಲ್ಲ.

ನಿಮ್ಮಮ್ಮ ಮಾತಾಡಿದ್ದು ಯಾವಾಗ, ಕೇಳಿ. ನಿನಗೆ ಇನ್ನೂ ತಲೆ ನಿಂತಿರಲಿಲ್ಲ, ಮಳೆ ಸುರುವಾಗಿತ್ತು, ನನಗೆ ಸಣ್ಣ ಕೆಮ್ಮು. ಸಣ್ಣದು, ಎಂತದೂ ಅಲ್ಲ. ನಿನ್ನನ್ನು ಎತ್ತಿಕೊಳ್ಳುವ ಅಂತ ಎಣ್ಣೆ ಹಿಡ್ಕೊಂಡು ಕೋಣೆಗೆ ಹೋದ್ರೆ ಇವಳು ನನ್ನ ಮುಖಕ್ಕೇ ಬಾಗಿಲು ಹಾಕಿದಳು! ಧಡ್ ಅಂತ! ಒಳಗಿನಿಂದ, 'ಅತ್ತೆ, ಕೆಮ್ಮು ನಿಲ್ಲುವವರೆಗೆ ಮಗು ಕೊಡುವುದಿಲ್ಲ. ನಿಮಗೆ ಶುಂಠಿ ಕಷಾಯ ಮಾಡಿ ಒಲೆ ಹತ್ತಿರ ಇಟ್ಟಿದ್ದೇನೆ, ಬಿಸಿ ಇರುವಾಗಲೇ ಕುಡೀರಿ' ಅಂದಳು. ಮೊದಲು ನನಗೆ ಎಂಥ ಸಿಟ್ಟು, ನನ್ನ ಮನೆಯಲ್ಲಿ ನನಗೇ ಬಾಗಿಲಾ ಅಂತ! ಮತ್ತೆ ಅಲ್ಲೇ ನಿಂತು ನಗೆ ಬಂತು, ನಗ್ತಾ ನಗ್ತಾ ಅಳು. ಒಳಗೆ ಅವಳೂ ಅಳ್ತಾ ಇದ್ದಳು, ನನಗೆ ಕೇಳ್ತಿತ್ತು. ಬಾಗಿಲಿನ ಆಚೆ ಅವಳು, ಈಚೆ ನಾನು. ಆ ಕಷಾಯ ಕುಡಿದೆ, ಬೆಲ್ಲ ಹೆಚ್ಚಾಗಿತ್ತು.

ಹಾಗೆ ಮಗಾ, ಹತ್ತಿರ ಬಂದು ಮುದ್ದು ಮಾಡುವುದು ಯಾರಿಗೂ ಬರ್ತದೆ, ಅದಕ್ಕೆ ಎಂತದೂ ಕಲಿಯಬೇಕಾಗಿಲ್ಲ. ನಿನ್ನ ಜೀವ ಬೇಕು ಅಂತ ಬಾಗಿಲು ಹಾಕಿ ನಿಂತವರನ್ನು ಮಾತ್ರ ಮರೀಬೇಡ. ಅದೋ, ಒಗೆಯುವ ಕಲ್ಲಿನ ಮೇಲೆ ನಿಮ್ಮಮ್ಮ ನನ್ನ ಗಂಜಿ ಇಟ್ಟಳು. ಮಿನ್ನೂ, ಇಳಿದೆಯಾ ಅಂಗಳಕ್ಕೆ? ಜಗಲಿ ಹತ್ತು! ಇಲ್ಲಾಂದ್ರೆ ಇದೋ, ಬಾಗಿಲು ಹಾಕ್ತೇನೆ ನೋಡು.