ಕಮಾನಿನ ಗೆಜ್ಜೆ

ಒಂದಾನೊಂದು ಕಾಲದಲ್ಲಿ, ಅಂದರೆ ಹೋದ ಶನಿವಾರ, ಕ್ರೀಟ್ ದ್ವೀಪದ ಸಂಗೀತಸಭೆಯ ಬಾಗಿಲಲ್ಲಿ ಸಾಲು ನಿಂತಿದ್ದ ಕಲಿರೋಯಿಯ ಕಿವಿಗೆ ಮುಂದಿದ್ದವರ ಮಾತು ಬಿತ್ತು. ಮುದುಕನೊಬ್ಬನ ಪಕ್ಕದಲ್ಲಿ ಮೊಮ್ಮಗಳು, ಪುಟ್ಟ ಪಿಟೀಲಿನಂಥ ಹಳ್ಳಿವಾದ್ಯ ಲೀರಾದ ಕಮಾನಿಗೆ ಗೆಜ್ಜೆ ಕಟ್ಟುತ್ತಿದ್ದಳು.

“ಅರ್ಗೀರೊ, ಗೆಜ್ಜೆ ಬೇಡ ಅಂದ್ರಲ್ಲೇ ನಿಮ್ಮ ಮೇಷ್ಟ್ರು?”

“ಹೂಂ ತಾತ. ಪಿಟೀಲುಗಳ ಮಧ್ಯೆ ಕುರಿಮಂದೆ ನುಗ್ಗಿದ ಹಾಗಿರುತ್ತಂತೆ.”

“ಸರಿಯಾಗೇ ಅಂದಿದಾನೆ. ಅದು ಊರಲ್ಲಿ ಕುಣಿಯೋರಿಗೆ. ಇಲ್ಲಿ ಯಾರೇ ಕುಣೀತಾರೆ?”

“ಅಜ್ಜಿ ಕುಣಿದದ್ದು ಈ ಗೆಜ್ಜೆಗೇ ಅಲ್ವಾ? ದೊಡ್ಡ ಸಭೇಲೂ ಇದನ್ನ ಕಟ್ಟೇ ನುಡಿಸ್ತೀನಿ ಅಂತ ಅವಳಿಗೆ ಮಾತು ಕೊಟ್ಟಿದೀನಿ. ಗೆಜ್ಜೆ ಇಲ್ದಿದ್ರೆ ನಾನೂ ಇಲ್ಲ ಅಂದ್ಬಿಟ್ಟೆ.”

“ಅದಕ್ಕೆ?”

“ಹಣೆ ಚಚ್ಕೊಂಡು, ಕಟ್ಕೋ ಹೋಗು ಅಂದ್ರು.”

“ಥೇಟ್ ನಿಮ್ಮಜ್ಜಿ! ತಾ ಇಲ್ಲಿ, ಗಂಟು ನಾನು ಬಿಗೀತೀನಿ.”

ಬಾಗಿಲು ತೆರೆಯಿತು, ಇಬ್ಬರೂ ಒಳಗೆ ಹೋದರು. ಆಮೇಲೆ ನಲವತ್ತು ಪಿಟೀಲುಗಳ ನಡುವೆ ಆ ಗೆಜ್ಜೆ ಘಲ್ಲೆಂದಿತು. ಮುಂದಿನ ಸಾಲಿನಲ್ಲಿ ಮುದುಕನ ಬೂಟು ಕುಣಿಯತೊಡಗಿತ್ತು.