ಒಂಬತ್ತು ಹಲ್ಲಿನ ಗುರುತು

ಹೆಸರು ಗಂಗರತ್ನಮ್ಮ, ತಂದೆ ದಿವಂಗತ ಕೋದಂಡಪ್ಪ, ವಯಸ್ಸು ಹದಿನೇಳು. ಕಸುಬು ಕೂಲಿ, ಮತ್ತು ಗಾಯಕ್ಕೆ ಕೈ ಇಡುವುದು. ವಾಸ ಕ್ಯಾಸಂಬಳ್ಳಿ ಹೋಬಳಿ, ಬಂಗಾರಪೇಟೆ ತಾಲ್ಲೂಕು.

ಯಾರೂ ಕರೆಸದೆ ನಾನೇ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ,

ನಾನು ಅಜ್ಜಿ ಪೆದ್ದಮ್ಮನವರ ಜೊತೆ ವಾಸವಾಗಿದ್ದೇನೆ. ಗಾಯವಾದವರಿಗೆ ನಾನು ಕೈ ಇಟ್ಟರೆ ಗಾಯವು ಅವರ ಮೈ ಬಿಟ್ಟು ನನ್ನ ಮೈಯ ಅದೇ ಜಾಗಕ್ಕೆ ಬರುತ್ತದೆ. ಅವರಿಗೆ ಗೀರು ಸಹ ಉಳಿಯುವುದಿಲ್ಲ. ನನ್ನಲ್ಲಿ ಒಂಬತ್ತು ದಿನ ಇದ್ದು ಮಾಯುತ್ತದೆ. ಇದು ಅಜ್ಜಿಯಿಂದ ಬಂದದ್ದು. ಬಂದವರನ್ನು ಹಿಂದಕ್ಕೆ ಕಳಿಸಬಾರದು, ಗಾಯ ಹೇಗಾಯಿತೆಂದು ಕೇಳಬಾರದು ಎಂಬುದು ನಮ್ಮ ಕಟ್ಟುಪಾಡು. ಹಲ್ಲಿಗೆ ಮಾತ್ರ ನಮ್ಮ ಕೈ ನಡೆಯುವುದಿಲ್ಲ. ನಾನು ಐದು ವರ್ಷದವಳಿದ್ದಾಗ ಕುಂಟೆಬಿಲ್ಲೆ ಆಟದಲ್ಲಿ ಸಿಟ್ಟಿನಿಂದ ಎಸೆದ ಬಿಲ್ಲೆ ತಗುಲಿ ಅಕ್ಕ ಅನಸೂಯಮ್ಮನ ಮೇಲಿನ ಮುಂದಿನ ಹಲ್ಲು ಓರೆಯಾಗಿ ಮುರಿದಿತ್ತು. ಅದು ಹಾಗೇ ಉಳಿದಿತ್ತು.

ಅಕ್ಕನನ್ನು ನಮ್ಮ ಮನೆಯಿಂದ ಎರಡು ಫರ್ಲಾಂಗು ದೂರದ ಬಚ್ಚಪ್ಪನವರಿಗೆ ಕೊಟ್ಟು ಮೂರು ವರ್ಷ. ಅವರು ರಾಬರ್ಟ್‌ಸನ್‌ಪೇಟೆಗೆ ಸೈಕಲ್ಲಿನಲ್ಲಿ ಹಾಲು ಒಯ್ಯುವವರು.

ದಿನಾಂಕ 3-3-1958 ಸೋಮವಾರ ಸಂಜೆ ನಾಲ್ಕೂವರೆಗೆ ಬಾವ ಬಚ್ಚಪ್ಪನವರು ಬಲ ಮುಂಗೈಗೆ ಟವೆಲ್ಲು ಸುತ್ತಿಕೊಂಡು ಬಂದರು. ಗಾಯಕ್ಕೆ ದಪ್ಪಗೆ ಅರಿಶಿನ ಮೆತ್ತಿತ್ತು. ನಾನು ಕೇಳಲಿಲ್ಲ. "ಬಾವನ ಕೈ ಅಂತ ಜಾಸ್ತಿ ಒತ್ತು ಇಡ್ಕಂಡಿರಬ್ಯಾಡಮ್ಮಿ, ನಿಮ್ಮಕ್ಕ ನೋಡಿದ್ರೆ ನಂಗೆ ಮುದ್ದೆ ಇಕ್ಕಲ್ಲ" ಎಂದು ನಗೆಯಾಡಿದರು. ಅಜ್ಜಿ ನಕ್ಕರು. ನಾನೂ ನಕ್ಕೆ. ಕಾಲು ಗಂಟೆ ಹಿಡಿದೆ. ಅವರ ಕೈ ಶುಭ್ರವಾಯಿತು. ಮಜ್ಜಿಗೆ ಕುಡಿದು ಹೋದರು. ನನ್ನ ಮುಂಗೈಯಲ್ಲಿ ಒಂಬತ್ತು ಹಲ್ಲಿನ ಗುರುತು ಎದ್ದವು. ನಾಯಿಯದೆಂದುಕೊಂಡೆ.

ಮಂಗಳವಾರ ಬೆಳಿಗ್ಗೆ ಏಳಕ್ಕೆ ಗಣಿ ಕೂಲಿ ಆರುಮುಗಂ ಅವರು ತಪ್ಪಿಸಿಕೊಂಡ ಮೇಕೆ ಹುಡುಕುತ್ತಾ, ಊರಿನಿಂದ ಅರ್ಧ ಮೈಲಿ ದೂರದ ಹಾಳುಬಾವಿಗೆ ಇಣುಕಿ ನೋಡಿದ್ದಾರೆ. ಒಳಗೆ ಇಳಿದು ಅಕ್ಕನನ್ನು ಹೆಗಲ ಮೇಲೆ ಹೊತ್ತು ತಂದು ನಮ್ಮ ಜಗುಲಿಯಲ್ಲಿ ಮಲಗಿಸಿದರು. "ಬೇಗ ಕೈ ಇಡು ತಾಯಿ, ಉಸುರು ಇರ್ತದೆ" ಎಂದರು. ಕುತ್ತಿಗೆಯಲ್ಲಿ ಬೆರಳಿನ ಕಪ್ಪು, ತಲೆಯಲ್ಲಿ ಗಾಯ. ನಾನು ಅರ್ಧ ಗಂಟೆ ಕೈ ಇಟ್ಟೆ. ನನ್ನ ಕುತ್ತಿಗೆಗೆ ಏನೂ ಬರಲಿಲ್ಲ. ಅಂಗಿಯಲ್ಲಿ ರಕ್ತ ಇದ್ದ ಕಾರಣ ಆರುಮುಗಂ ಅವರನ್ನು ಹತ್ತು ಗಂಟೆಗೆ ಪೊಲೀಸರು ಹಿಡಿದುಕೊಂಡು ಹೋದರು.

ಡಾಕ್ಟರು ನೋಡಿದ ಮೇಲೆ ಹೆಣವನ್ನು ಬಾವನಿಗೆ ಒಪ್ಪಿಸಲಾಯಿತು. ಸಂಜೆ ನಾಲ್ಕಕ್ಕೆ ಮೈ ತೊಳೆಯುವಾಗ ಅಕ್ಕನ ಬಾಯಿ ತೆರೆದಿತ್ತು. ಮುರಿದ ಹಲ್ಲು ಕಂಡಿತು. ನನ್ನ ಮುಂಗೈ ನೋಡಿಕೊಂಡೆ. ಒಂದು ಮಾಯ್ದು ಉಳಿದಿದ್ದ ಎಂಟರಲ್ಲಿ ಒಂದು ಗುರುತು ಅರ್ಧ, ಓರೆ. ಬಾವನ ಕೈಯಿಂದ ಬಂದದ್ದು ಅಕ್ಕ ಕಚ್ಚಿದ ಗುರುತು ಎಂದು ಕೂಗಿ ಹೇಳಿದೆ. ಬಾವ ಬಲಗೈ ಎತ್ತಿ ಎಲ್ಲರಿಗೂ ತೋರಿಸಿದರು. ಏನೂ ಇರಲಿಲ್ಲ. ಗುರುತು ಇರುವುದು ಇವಳ ಕೈಯಲ್ಲಿ, ಅಕ್ಕತಂಗಿ ಜಗಳವಾಡಿರಬೇಕು ಎಂದು ಹೇಳಿ ಅತ್ತರು. ಐದೂವರೆಗೆ ಅವರೇ ಕೊಳ್ಳಿ ಇಟ್ಟರು. ಹಲ್ಲೂ ಸುಟ್ಟುಹೋಯಿತು.

ಆಮೇಲೆ ಅಜ್ಜಿ ನನ್ನನ್ನು ಹೊರಗೆ ಬಿಡಲಿಲ್ಲ. "ಒಂಬತ್ತು ದಿನ ಬಾಯಿ ಮುಚ್ಕಂಡು ಒಳಗೆ ಬಿದ್ದಿರೇ. ಗುರ್ತೂ ಓಗ್ತದೆ, ನೀನೂ ಉಳೀತೀಯ. ಸತ್ತೋಳು ಬರಲ್ಲ" ಎಂದರು.

ಇಂದು ಶನಿವಾರ ಅಜ್ಜಿ ನೀರಿಗೆ ಹೋದಾಗ ಹೊರಟು, ರಾಬರ್ಟ್‌ಸನ್‌ಪೇಟೆವರೆಗೆ ನಡೆದು, ಅಲ್ಲಿಂದ ಬಸ್ಸಿನಲ್ಲಿ ಎರಡು ಗಂಟೆಗೆ ಇಲ್ಲಿಗೆ ಬಂದೆ. ಮೇಕೆ ಸಿಕ್ಕಿತೇ ಎಂದು ಆರುಮುಗಂ ಅವರು ಲಾಕಪ್ಪಿನಿಂದ ಕೇಳಿದರು. ಇಲ್ಲ ಎಂದೆ.

ಒಂದು ತುದಿಯಿಂದ ಸಾಲಾಗಿ ದಿನಕ್ಕೊಂದು ಗುರುತು ಮಾಯುತ್ತಿದೆ. ಐದು ಹೋಗಿವೆ. ಮುಂದಿನದು ಆ ಓರೆ ಗುರುತು, ನಾಳೆ ಬೆಳಿಗ್ಗೆ ಇರುವುದಿಲ್ಲ. ಇಂದೇ ಡಾಕ್ಟರಿಂದ ಅಳತೆ ಮಾಡಿಸಬೇಕೆಂದು ಕೇಳಿಕೊಂಡೆ. ಡಾಕ್ಟರು ಸೋಮವಾರ ಬರುತ್ತಾರೆ ಎಂದು ದಫೇದಾರರು ತಿಳಿಸಿದರು. ಗುರುತು ನಿನ್ನ ಕೈಯಲ್ಲಿದೆಯಲ್ಲಮ್ಮ, ಹೇಳಿಕೆ ಕೊಟ್ಟರೆ ನಿನ್ನ ಮೇಲೇ ಬರುತ್ತದೆ ಎಂದೂ ತಿಳಿಸಿದರು. ಗೊತ್ತಿದೆ ಎಂದೆ.

ಆರುಮುಗಂ ಅವರ ಕೈಯಲ್ಲಿ ಯಾವ ಗುರುತೂ ಇಲ್ಲ. ಇದನ್ನಾದರೂ ಬರೆದುಕೊಳ್ಳಬೇಕು. ಬಾವನ ಹೆಸರು ಬರೆಯಲು ಆಗದಿದ್ದರೆ ಗುರುತಿರುವವಳ ಹೆಸರು ಬರೆದುಕೊಂಡು ಅವರನ್ನು ಬಿಡಬೇಕು. ಅಕ್ಕ ಬಿಟ್ಟುಹೋದ ಸಾಕ್ಷಿಯನ್ನು ಬಾವನ ಕೈಯಿಂದ ಅಳಿಸಿದವಳು ನಾನೇ.

ಓದಿ ಹೇಳಿದ್ದನ್ನು ಪೂರ್ತಿ ಕೇಳಿದ್ದೇನೆ. ನಾನು ಹೇಳಿದಂತೆಯೇ ಇದೆ, ಎಲ್ಲವೂ ನಿಜ.

ಸ್ಥಳ: ಬಂಗಾರಪೇಟೆ
ದಿನಾಂಕ: 8-3-1958, ಸಂಜೆ ಐದು ಗಂಟೆ
(ಸಹಿ) ಗಂಗರತ್ನಮ್ಮ

ಸಹಿ ಮಾಡುವಾಗ ಬಲ ಮುಂಗೈಯಲ್ಲಿ ಗುರುತು ನಾಲ್ಕು. ಬರೆದುಕೊಂಡವರೂ ಎಣಿಸಿದ್ದಾರೆ.